ಹಳೆಯ ದನಿಗೆ ಸಲ್ಲಬೇಕಾದ ನ್ಯಾಯ

ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯ ಚಲನಚಿತ್ರಗಳ ಒಂದೆರಡು ಡಿವಿಡಿಗಳಾದರೂ ಇದ್ದಾವು. ಹಬ್ಬದ ರಜೆಯಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿದಾಗ, ಇದು ನಮ್ಮ ಕಾಲದ ಸಿನಿಮಾ ಎಂದು ಹಿರಿಯರು ಅಭಿಮಾನದಿಂದ ಅದನ್ನು ಹಾಕಿ ತೋರಿಸಿರಲೂಬಹುದು. ಆಗ ಎಲ್ಲರೂ ಕೇಳಿಸಿಕೊಂಡದ್ದು ನಿಜವಾಗಿಯೂ ಆ ಕಾಲದ ದನಿಯೇ? ಚಿತ್ರ ಅದೇ, ಮುಖಗಳು ಅವೇ, ಮಾತುಗಳೂ ಅವೇ. ಆದರೆ ಬಾಗಿಲು ಮುಚ್ಚಿದ ಸದ್ದು, ಮಳೆಯ ಸದ್ದು, ಗುಂಡಿನ ಸದ್ದು, ಕೆಲವೊಮ್ಮೆ ಇಡೀ ವಾದ್ಯವೃಂದ, ಅಪರೂಪಕ್ಕೆ ಮಾತನಾಡುವವನ ಕಂಠವೇ ಬೇರೆಯದಾಗಿರುವ ಸಂಭವವಿದೆ. ಏನು ಬದಲಾಗಿದೆ ಎಂಬುದನ್ನು ಹೊದಿಕೆಯ ಮೇಲೆ ವಿವರವಾಗಿ ಬರೆಯುವವರು ವಿರಳ. ಹೊಸದಾಗಿ ಸಂಸ್ಕರಿಸಿದ ಧ್ವನಿ ಎಂಬ ಹೆಮ್ಮೆಯ ಮಾತೊಂದು ಇರುತ್ತದೆ, ಅಷ್ಟೇ.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಹಸಿವು, ನಿರುದ್ಯೋಗ, ಕಲಹಗಳಿಂದ ತುಂಬಿದ ಲೋಕದಲ್ಲಿ ಸಿನಿಮಾದ ಸದ್ದಿನ ಬಗ್ಗೆ ತಲೆಕೆಡಿಸಿಕೊಳ್ಳುವುದು ಐಷಾರಾಮದ ಚಿಂತೆಯೆಂದು ತೋರುವುದು ಸಹಜ. ಆದರೆ ಈ ಸಣ್ಣ ಸಂಗತಿಯೊಳಗೆ ನಮ್ಮೆಲ್ಲರ ಮನೆಗಳಿಗೂ ಸಂಬಂಧಿಸಿದ ಒಂದು ನೈತಿಕ ಪ್ರಶ್ನೆ ಅಡಗಿದೆ. ಈಗ ನಮ್ಮ ನಡುವೆ ಇಲ್ಲದವರು ಮಾಡಿಟ್ಟುಹೋದ ಕೆಲಸವನ್ನು, ಅವರ ಅಪ್ಪಣೆ ಕೇಳಲಾಗದ ಸ್ಥಿತಿಯಲ್ಲಿ, ಅವರದೇ ಹೆಸರಿನಲ್ಲಿ ನಾವು ಎಷ್ಟರಮಟ್ಟಿಗೆ ತಿದ್ದಬಹುದು? ತಾತನ ಪತ್ರಗಳನ್ನು ಪುಸ್ತಕವಾಗಿ ಅಚ್ಚುಹಾಕಿಸುವ ಮೊಮ್ಮಗನಿಗೂ, ನೂರು ವರ್ಷದ ದೇವಾಲಯವನ್ನು ನವೀಕರಿಸುವ ಊರಿನವರಿಗೂ ಎದುರಾಗುವ ಪ್ರಶ್ನೆಯೇ ಇದು. ಸಿನಿಮಾದ ಧ್ವನಿಯಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಏಕೆಂದರೆ ಅಲ್ಲಿ ಬದಲಾವಣೆ ಅತ್ಯಂತ ಗುಟ್ಟಾಗಿ ನಡೆಯಬಲ್ಲದು.

ಹಿಂದಿನ ದಿನಗಳಲ್ಲಿ ಚಲನಚಿತ್ರದ ಧ್ವನಿ ಹೇಗಿರುತ್ತಿತ್ತು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಫಿಲ್ಮಿನ ಅಂಚಿನಲ್ಲಿ, ಚಿತ್ರಗಳ ಪಕ್ಕದಲ್ಲೇ, ಸಣ್ಣದೊಂದು ಪಟ್ಟಿಯಾಗಿ ಧ್ವನಿಯನ್ನು ಅಚ್ಚೊತ್ತಲಾಗುತ್ತಿತ್ತು. ಪ್ರೊಜೆಕ್ಟರಿನಲ್ಲಿ ಅದರ ಮೂಲಕ ಬೆಳಕು ಹಾಯ್ದಾಗ ಆ ಪಟ್ಟಿಯ ಏರಿಳಿತವೇ ಮತ್ತೆ ಸದ್ದಾಗುತ್ತಿತ್ತು. ಮಾತು, ಸಂಗೀತ, ಇತರ ಸದ್ದುಗಳನ್ನು ಮೊದಲು ಬೇರೆ ಬೇರೆಯಾಗಿ ಮುದ್ರಿಸಿಕೊಂಡು, ಕೊನೆಯಲ್ಲಿ ನಿರ್ದೇಶಕನೂ ಧ್ವನಿತಜ್ಞರೂ ಕುಳಿತು ಎಲ್ಲವನ್ನೂ ಒಂದರಲ್ಲಿ ಬೆರೆಸುತ್ತಿದ್ದರು. ಪರದೆಯ ಹಿಂದಿನಿಂದ ಒಂದೇ ದಾರಿಯಲ್ಲಿ ಹೊರಬರುವ ಆ ಧ್ವನಿಗೆ ‘ಮೊನೊ’ ಎಂದು ಹೆಸರು. ಎಲ್ಲಿ ಮಾತು ಮುಂದೆ ಬರಬೇಕು, ಎಲ್ಲಿ ಪಿಟೀಲು ತಗ್ಗಬೇಕು, ಎಲ್ಲಿ ಏನೂ ಕೇಳಿಸಬಾರದು ಎಂಬ ನೂರಾರು ತೀರ್ಮಾನಗಳು ಆ ಬೆರಕೆಯಲ್ಲಿ ಸೇರಿರುತ್ತವೆ. ಅದು ಯಂತ್ರದ ಕೆಲಸವಲ್ಲ, ಮನುಷ್ಯರ ವಿವೇಚನೆ.

1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಡಿವಿಡಿ ಬಂದಿತು. ಅದರೊಂದಿಗೆ ಮನೆಯ ಕೋಣೆಗೆ ಐದು ಸ್ಪೀಕರುಗಳೂ ತಗ್ಗಿನ ಗುಡುಗಿಗಾಗಿ ಇನ್ನೊಂದು ಸ್ಪೀಕರೂ ಬಂದವು; ಹೊದಿಕೆಯ ಮೇಲೆ ‘5.1’ ಎಂದು ಕಾಣುವುದು ಇದರ ಗುರುತು. ಇಷ್ಟೆಲ್ಲ ಹಣ ಕೊಟ್ಟು ಕೊಂಡವರಿಗೆ ಒಂದೇ ಕಡೆಯಿಂದ ಬರುವ ಹಳೆಯ ಧ್ವನಿ ಸಪ್ಪೆಯೆನಿಸೀತೆಂದು ಮಾರುವವರು ಭಾವಿಸಿದರು. ಹೀಗಾಗಿ ಅನೇಕ ಹಳೆಯ ಚಿತ್ರಗಳ ಧ್ವನಿಯನ್ನು ಹೊಸದಾಗಿ ಬೆರೆಸಿ ಐದು ದಿಕ್ಕಿಗೆ ಹಂಚಲಾಯಿತು. ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಜಾಸ್’ ಚಿತ್ರವನ್ನೇ ನೋಡಿ. 1975ರಲ್ಲಿ ಮೊನೊ ಧ್ವನಿಯಲ್ಲಿ ತೆರೆಕಂಡ ಈ ಚಿತ್ರಕ್ಕೆ ಅತ್ಯುತ್ತಮ ಧ್ವನಿಗಾಗಿಯೇ ಆಸ್ಕರ್ ಪ್ರಶಸ್ತಿ ದೊರೆತಿತ್ತು. ಆದರೂ 2000ದ ಡಿವಿಡಿಯಲ್ಲಿ ಸಿಕ್ಕಿದ್ದು ಹೊಸ ಬೆರಕೆ, ಕೆಲವು ಸದ್ದುಗಳೂ ಹೊಸವು. ಪ್ರಶಸ್ತಿ ಪಡೆದ ಧ್ವನಿ 2005ರ ಆವೃತ್ತಿಯಲ್ಲಿ ಮರಳಿ ಬಂದಿತು. ಪ್ರಶಸ್ತಿಗೆ ಅರ್ಹವಾದ ಕೆಲಸವನ್ನೇ ಬದಿಗೆ ಸರಿಸಿ, ಅದೇ ಚಿತ್ರದ ಕೀರ್ತಿಯನ್ನು ಮಾತ್ರ ಮಾರುವುದು ವಿಚಿತ್ರವಲ್ಲವೇ? ಒಂದು ಡಿವಿಡಿಯಲ್ಲಿ ಎಂಟು ಧ್ವನಿಪಥಗಳವರೆಗೆ ಇಡಲು ಅವಕಾಶವಿದೆ. ಮೊನೊ ಧ್ವನಿ ಅದರಲ್ಲಿ ಹಿಡಿಸುವ ಜಾಗ ತೀರ ಅಲ್ಪ. ಆದುದರಿಂದ ಹೊಸದಕ್ಕೆ ಸ್ಥಳ ಮಾಡಲು ಹಳೆಯದನ್ನು ಹೊರಹಾಕಬೇಕಾಯಿತೆಂಬ ಸಮಾಧಾನ ಇಲ್ಲಿ ಒಪ್ಪತಕ್ಕದ್ದಲ್ಲ.

ಹಾಗೆಂದು ಹೊಸ ಧ್ವನಿ ಮಾಡಿದವರೆಲ್ಲ ವ್ಯಾಪಾರಿಗಳೆಂದು ತೀರ್ಪು ಕೊಡುವುದು ತಪ್ಪು. ಹಿಚ್‌ಕಾಕ್‌ನ 1958ರ ‘ವರ್ಟಿಗೊ’ ಚಿತ್ರವನ್ನು ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕ್ಯಾಟ್ಜ್ ಎಂಬಿಬ್ಬರು 1996ರಲ್ಲಿ ಪುನರುದ್ಧಾರ ಮಾಡಿದರು. ಬಣ್ಣ ಮಾಸಿ ಹಾಳಾಗುತ್ತಿದ್ದ ಚಿತ್ರವನ್ನು ಅವರು ಉಳಿಸಿದ್ದು ದೊಡ್ಡ ಉಪಕಾರ. ಬರ್ನಾರ್ಡ್ ಹರ್ಮನ್ ಅವರ ಸಂಗೀತದ ಮೂಲ ಮುದ್ರಣ ಅವರಿಗೆ ದೊರೆಯಿತು. ಅದನ್ನು ವಿಶಾಲವಾದ ಹೊಸ ಧ್ವನಿಯಲ್ಲಿ ಕೇಳಿಸಲು ಹೊರಟಾಗ ಹೆಜ್ಜೆ ಸಪ್ಪಳ, ಗುಂಡು, ಕಾರು ಮುಂತಾದ ಸದ್ದುಗಳನ್ನು ಹೊಸದಾಗಿ ಮುದ್ರಿಸಿ ಸೇರಿಸಿದರು. ಹಿಚ್‌ಕಾಕ್ ಧ್ವನಿಯ ಬಗ್ಗೆ ಬರೆಸಿಟ್ಟಿದ್ದ ಟಿಪ್ಪಣಿಗಳನ್ನೂ ಅನುಸರಿಸಿದರು. ಆದರೂ ಚಿತ್ರವನ್ನು ಬಲ್ಲವರಿಗೆ ಆ ಹೆಜ್ಜೆಗಳು ಬೇರೆ ಯಾರದೋ ಎನಿಸಿದವು. 1958ರ ಮಂದವಾದ ಧ್ವನಿಲೋಕದಲ್ಲಿ 1996ರ ಬೂಟು ನಡೆದಂತೆ! ಡಿವಿಡಿಯ ಮೊದಲ ವರ್ಷಗಳಲ್ಲಿ ಮನೆಗಳಿಗೆ ಬಂದದ್ದು ಈ ಹೊಸ ಧ್ವನಿ. ಹಿಚ್‌ಕಾಕ್ ಒಪ್ಪಿ ಬಿಡುಗಡೆ ಮಾಡಿದ್ದ ಮೊನೊ ಧ್ವನಿಪಥ ಮುಂದಿನ ಆವೃತ್ತಿಗಳಲ್ಲಿ, 2012ರ ಬ್ಲೂ-ರೇಯಲ್ಲಿ ಸಹ, ಅದರ ಜೊತೆಗೆ ಸ್ಥಾನ ಪಡೆಯಿತು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ಮೂಲದ ಸ್ಥಾನದಲ್ಲಿ ತಾನೇ ಕುಳಿತರೆ ಮೂಲಕ್ಕೆ ಅನ್ಯಾಯವಾಗುತ್ತದೆ. ಪಕ್ಕದಲ್ಲಿ ಕುಳಿತರೆ ಆಗುವುದಿಲ್ಲ. ಈ ಇಡೀ ವಿಷಯದ ತಿರುಳು ಈ ಒಂದು ವ್ಯತ್ಯಾಸದಲ್ಲಿದೆಯೆಂದು ನನ್ನ ಅಭಿಪ್ರಾಯ.

ಈಗ ಸ್ವಲ್ಪ ದೀರ್ಘವಾಗಿ ಹೇಳಬೇಕಾದ ಒಂದು ಚಿತ್ರಕ್ಕೆ ಬರೋಣ. ವಾಲ್ಟ್ ಡಿಸ್ನಿಯವರ ‘ಫ್ಯಾಂಟೇಸಿಯಾ’ 1940ರ ನವೆಂಬರ್ 13ರಂದು ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಬಾಖ್, ಬೀಥೋವನ್, ಮುಸೋರ್ಗ್‌ಸ್ಕಿ, ಶೂಬರ್ಟ್ ಮುಂತಾದವರ ಸಂಗೀತಕ್ಕೆ ಚಿತ್ರ ಬರೆದು ಜೋಡಿಸಿದ ಚಲನಚಿತ್ರ ಅದು. ಅದರ ಕೊನೆಯ ಭಾಗವನ್ನು ನಮ್ಮ ಕುಟುಂಬಗಳಲ್ಲಿ ನೋಡಿದವರು ಮರೆತಿರಲಾರರು: ಇರುಳಲ್ಲಿ ಬೆಟ್ಟದ ಮೇಲೆ ದೆವ್ವಗಳ ಕುಣಿತ, ಗಂಟೆಯ ನಾದ ಕೇಳಿ ಅವು ಮುದುಡಿಕೊಳ್ಳುವುದು, ಬಳಿಕ ಮಂಜು ಮುಸುಕಿದ ಕಾಡಿನ ನಡುವೆ ದೀಪ ಹಿಡಿದ ಯಾತ್ರಿಕರ ಸಾಲು, ಹಿನ್ನೆಲೆಯಲ್ಲಿ ಶೂಬರ್ಟನ ‘ಆವೆ ಮರಿಯಾ’. ಈ ಸಂಗೀತವನ್ನು ನಡೆಸಿಕೊಟ್ಟವರು ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ. ಬಹುಭಾಗವನ್ನು 1939ರಲ್ಲಿ ಫಿಲಡೆಲ್ಫಿಯಾ ನಗರದ ಸಂಗೀತ ಭವನದಲ್ಲಿ ಅಲ್ಲಿನ ಪ್ರಸಿದ್ಧ ವಾದ್ಯವೃಂದದಿಂದ ನುಡಿಸಿ ಮುದ್ರಿಸಲಾಯಿತು. ಧ್ವನಿಯನ್ನು ಹಲವು ಪಥಗಳಲ್ಲಿ ಮುದ್ರಿಸಿ, ಸಭಾಂಗಣದ ಸುತ್ತ ಕೇಳಿಸುವ ‘ಫ್ಯಾಂಟಸೌಂಡ್’ ಎಂಬ ಏರ್ಪಾಡನ್ನೂ ರೂಪಿಸಿದರು. ಅದು ಬಹಳ ದುಬಾರಿ. ಕೆಲವೇ ನಗರಗಳ ಚಿತ್ರಮಂದಿರಗಳಲ್ಲಿ ಅದನ್ನು ಅಳವಡಿಸಲಾಯಿತು. ಮಿಕ್ಕವರು ಕೇಳಿದ್ದು ಮೊನೊ ಧ್ವನಿಯನ್ನೇ.

ವರ್ಷಗಳು ಕಳೆದವು. 1955ರಲ್ಲಿ, ಕೆಡುತ್ತಿದ್ದ ಆ ಹಳೆಯ ಧ್ವನಿಯನ್ನು ಕಾಂತೀಯ ಪಟ್ಟಿಗೆ ನಕಲು ಮಾಡಲು ನಿರ್ಧರಿಸಿದರು. ಹಳೆಯದನ್ನು ನುಡಿಸಬಲ್ಲ ಯಂತ್ರ ಡಿಸ್ನಿ ಸ್ಟುಡಿಯೋದಲ್ಲಿತ್ತು, ಹೊಸದಾಗಿ ಮುದ್ರಿಸಿಕೊಳ್ಳುವ ಯಂತ್ರ ಹಾಲಿವುಡ್ಡಿನ ಇನ್ನೊಂದು ಕಡೆ. ಎರಡರ ನಡುವೆ ಟೆಲಿಫೋನ್ ತಂತಿಗಳ ಮೂಲಕ ಇಡೀ ಸಂಗೀತವನ್ನು ಕಳುಹಿಸಲಾಯಿತು! ತಂತಿಯಲ್ಲಿ ಹಾಯುವಾಗ ಮೇಲಿನ ಸ್ವರಗಳ ಹೊಳಪು ಒಂದಿಷ್ಟು ಸೋರಿಹೋಯಿತು. ಉಳಿದದ್ದು ಆ ನಕಲು.

1982ರ ಹೊತ್ತಿಗೆ, ಹೊಸ ಚಿತ್ರಮಂದಿರಗಳಿಗೆ ಈ ಮಾಸಿದ ಧ್ವನಿ ಸಾಲದೆಂದು ಭಾವಿಸಿದ ಸಂಸ್ಥೆ, ಸ್ಟೊಕೊವ್‌ಸ್ಕಿಯವರ ಸಂಗೀತವನ್ನು ಪೂರ್ತಿಯಾಗಿ ತೆಗೆದುಹಾಕಿ, ಅರ್ವಿನ್ ಕೋಸ್ಟಲ್ ಎಂಬ ಸಂಗೀತ ನಿರ್ದೇಶಕರಿಂದ ಎಲ್ಲವನ್ನೂ ಹೊಸದಾಗಿ ಡಿಜಿಟಲ್ ತಂತ್ರದಲ್ಲಿ ನುಡಿಸಿ ಸೇರಿಸಿತು. ಸ್ಟೊಕೊವ್‌ಸ್ಕಿ ತೀರಿಕೊಂಡು ಆಗ ಐದು ವರ್ಷ. ಇಲ್ಲಿ ನಡೆದ ವಿಪರ್ಯಾಸವನ್ನು ಗಮನಿಸಿ. ಮೂಲದಲ್ಲಿ ಕಲಾವಿದರು ಸಂಗೀತವನ್ನು ಕೇಳಿ ಕೇಳಿ, ಅದರ ಒಂದೊಂದು ಏರಿಳಿತಕ್ಕೆ ತಕ್ಕಂತೆ ಚಿತ್ರ ಬರೆದಿದ್ದರು. ಈಗ ಹೊಸ ವಾದ್ಯವೃಂದ ಆ ಚಿತ್ರಗಳ ಬೆನ್ನು ಹತ್ತಿ ನುಡಿಸಬೇಕಾಯಿತು. ಹಾಡಿಗೆ ಹುಟ್ಟಿದ ಕುಣಿತವಿತ್ತು. ಈಗ ಕುಣಿತದ ಹಿಂದೆ ಹಾಡು ಓಡಿತು. ಕೋಸ್ಟಲ್ ನಿಪುಣರು, ಧ್ವನಿ ಸ್ವಚ್ಛ. ಆದರೆ ಚಿತ್ರದಲ್ಲಿ ವೇದಿಕೆ ಹತ್ತಿ ಕೈಯೆತ್ತುವ ಆಕೃತಿ ಮಾತ್ರ ಸ್ಟೊಕೊವ್‌ಸ್ಕಿಯದೇ! ಅವರ ಕೈಗೆ ಬೇರೊಬ್ಬರ ಸಂಗೀತ ಉತ್ತರ ಕೊಡುತ್ತಿತ್ತು.

1990ರಲ್ಲಿ, ಚಿತ್ರಕ್ಕೆ ಐವತ್ತು ತುಂಬಿದಾಗ, ಸಂಸ್ಥೆ ತನ್ನ ಹೆಜ್ಜೆಯನ್ನು ತಾನೇ ಹಿಂದೆ ತೆಗೆದುಕೊಂಡಿತು. ಟೆಲಿಫೋನ್ ತಂತಿಯಲ್ಲಿ ಬಳಲಿದ್ದ 1955ರ ನಕಲನ್ನೇ ಹೊರತೆಗೆದು, ಶುಚಿಮಾಡಿ, ಸ್ಟೊಕೊವ್‌ಸ್ಕಿಯವರ ಧ್ವನಿಯೊಂದಿಗೆ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿತು. 1991ರಲ್ಲಿ ಅದು ಕ್ಯಾಸೆಟ್ಟುಗಳ ಮೂಲಕ ಮನೆಗಳಿಗೂ ತಲುಪಿತು. ಸ್ವಚ್ಛವಾದ ಹೊಸ ಧ್ವನಿ ಕೈಯಲ್ಲಿರುವಾಗ ಮಂದವಾದ ಹಳೆಯದನ್ನು ಆರಿಸಿಕೊಳ್ಳುವುದಕ್ಕೆ ಧೈರ್ಯ ಬೇಕು. ಈ ಇತಿಹಾಸದಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ತೀರ್ಮಾನ ಅದು.

ದುರದೃಷ್ಟವೆಂದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಚಿತ್ರದ ಭಾಗಗಳ ನಡುವೆ ಬಂದು ಸಂಗೀತವನ್ನು ಪರಿಚಯಿಸುವವರು ಡೀಮ್ಸ್ ಟೇಲರ್ ಎಂಬ ಸಂಗೀತ ವಿಮರ್ಶಕರು. 2000ದ ಡಿವಿಡಿಗಾಗಿ, ಹಿಂದೆ ಕತ್ತರಿಸಿಹೋಗಿದ್ದ ಅವರ ದೀರ್ಘ ಪರಿಚಯಗಳ ಚಿತ್ರಿಕೆ ದೊರೆಯಿತು. ಆದರೆ ಆ ಭಾಗಗಳ ಧ್ವನಿ ಹಾಳಾಗಿತ್ತು. ಕೋರಿ ಬರ್ಟನ್ ಎಂಬ ಕಂಠದಾನ ಕಲಾವಿದರಿಂದ ಮಾತುಗಳನ್ನು ಮತ್ತೆ ಹೇಳಿಸಿದರು. ಕಳೆದುಹೋದ ಕಡೆ ಮಾತ್ರವಲ್ಲ, ಎಲ್ಲ ಕಡೆಯೂ, ದನಿ ಏಕರೂಪವಾಗಿರಲೆಂದು. 1966ರಲ್ಲಿ ತೀರಿಕೊಂಡ ಟೇಲರ್ ಪರದೆಯ ಮೇಲೆ ತುಟಿ ಅಲುಗಿಸುತ್ತಾರೆ, ಕೇಳಿಸುವ ದನಿ ಅವರದಲ್ಲ. ಹರಿದ ಅಂಗಿಗೆ ತೇಪೆ ಹಾಕುವುದು ಬೇರೆ; ತೇಪೆಯ ಬಣ್ಣ ಹೊಂದಲಿಲ್ಲವೆಂದು ಅಂಗಿಯನ್ನೇ ತೆಗೆದುಹಾಕುವುದು ಬೇರೆ.

ಇದೇ ಚಿತ್ರದಿಂದ ಏಳುವ ಇನ್ನೊಂದು ಕಷ್ಟದ ಪ್ರಶ್ನೆಯನ್ನು ನಾವು ಮರೆಮಾಚಬಾರದು. ಬೀಥೋವನ್ ಸಂಗೀತದ ಭಾಗದಲ್ಲಿ ಕಪ್ಪು ಜನರನ್ನು ಹೀನವಾಗಿ ಚಿತ್ರಿಸಿದ ಪುಟ್ಟ ಸೇವಕಿಯ ಪಾತ್ರವೊಂದಿತ್ತು. 1960ರ ದಶಕದ ಮರುಬಿಡುಗಡೆಯಿಂದೀಚೆಗೆ ಅದನ್ನು ತೆಗೆದೇ ತೋರಿಸಲಾಗುತ್ತಿದೆ. ಮೂಲಕ್ಕೆ ನಿಷ್ಠೆಯೆಂದರೆ ಆ ಅವಮಾನವನ್ನೂ ಮಕ್ಕಳ ಮುಂದೆ ಮರಳಿ ತರಬೇಕೆ? ಅದು ನನಗೆ ಒಪ್ಪಿಗೆಯಿಲ್ಲ. ಮನೆಮಂದಿ ನೋಡುವ ಪ್ರತಿಯಲ್ಲಿ ಅದನ್ನು ಬಿಟ್ಟದ್ದು ಸರಿಯೇ. ಆದರೆ ಬಿಟ್ಟಿದ್ದೇವೆ, ಇಂಥ ಕಾರಣಕ್ಕೆ ಬಿಟ್ಟಿದ್ದೇವೆ ಎಂದು ಹೇಳುವ ಹೊಣೆ ಬಿಟ್ಟವರ ಮೇಲಿದೆ. ಇಲ್ಲದಿದ್ದರೆ ಅವಮಾನ ಅಳಿಯುವುದಿಲ್ಲ, ಅವಮಾನ ಮಾಡಿದ್ದರ ದಾಖಲೆ ಮಾತ್ರ ಅಳಿಯುತ್ತದೆ.

ಧ್ವನಿಯೇ ಇಲ್ಲವಾದಾಗ ಏನು ಮಾಡಬೇಕು? ‘ಲಾರೆನ್ಸ್ ಆಫ್ ಅರೇಬಿಯಾ’ 1962ರ ಚಿತ್ರ. ಬಿಡುಗಡೆಯ ನಂತರ ಹಲವು ದೃಶ್ಯಗಳನ್ನು ಕತ್ತರಿಸಲಾಗಿತ್ತು. ಮೇಲೆ ಹೇಳಿದ ಹ್ಯಾರಿಸ್ ಅವರೇ ಇದನ್ನೂ ಪುನರುದ್ಧಾರ ಮಾಡಿ, ನಿರ್ದೇಶಕ ಡೇವಿಡ್ ಲೀನ್ ಅವರ ನೆರವಿನಿಂದ 1989ರಲ್ಲಿ ತೆರೆಗೆ ತಂದರು. ಕೆಲವು ದೃಶ್ಯಗಳ ಚಿತ್ರ ಸಿಕ್ಕಿತು, ಮಾತು ಸಿಗಲಿಲ್ಲ. ಆಗ ಪೀಟರ್ ಓಟೂಲ್, ಆಲೆಕ್ ಗಿನ್ನೆಸ್, ಆಂಥೊನಿ ಕ್ವಿನ್ ಮುಂತಾದ ನಟರು ಇಪ್ಪತ್ತೈದು ವರ್ಷಗಳ ಮೇಲೆ ಮತ್ತೆ ಮೈಕಿನ ಮುಂದೆ ನಿಂತು ತಮ್ಮ ಮಾತುಗಳನ್ನು ತಾವೇ ಹೇಳಿದರು. ಐವತ್ತು ದಾಟಿದ ಓಟೂಲ್, ಮೂವತ್ತರ ಆಸುಪಾಸಿನ ತನ್ನ ಮುಖಕ್ಕೆ ದನಿ ಕೊಟ್ಟರು. ಇನ್ನೊಬ್ಬ ನಟ ಜ್ಯಾಕ್ ಹಾಕಿನ್ಸ್ 1973ರಲ್ಲೇ ತೀರಿಕೊಂಡಿದ್ದರು. ಅವರ ಮಾತುಗಳನ್ನು ಚಾರ್ಲ್ಸ್ ಗ್ರೇ ಹೇಳಿದರು. ಇದರ ಹಿಂದೆ ಮನಮುಟ್ಟುವ ಒಂದು ಸಂಗತಿಯಿದೆ. ಗಂಟಲಿನ ಕ್ಯಾನ್ಸರಿನಿಂದಾಗಿ 1966ರಲ್ಲಿ ಹಾಕಿನ್ಸ್ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಮೇಲೂ ಅವರು ನಟಿಸುತ್ತಿದ್ದರು. ಹಲವು ಚಿತ್ರಗಳಲ್ಲಿ ಅವರಿಗೆ ಕಂಠದಾನ ಮಾಡಿದವರು ಇದೇ ಗ್ರೇ. ಬದುಕಿದ್ದಾಗ ಹಾಕಿನ್ಸ್ ನೆರವು ಪಡೆದಿದ್ದ ದನಿಯೇ ಅವರು ತೀರಿಕೊಂಡ ಮೇಲೂ ಅವರ ಪರವಾಗಿ ಮಾತಾಡಿತು. ಇದನ್ನು ಯಾರು ಮೋಸವೆಂದಾರು?

1991ರಲ್ಲಿ ಪುನರುದ್ಧಾರವಾದ ‘ಸ್ಪಾರ್ಟಕಸ್’ ಚಿತ್ರದಲ್ಲೂ ಹೀಗೆಯೇ. 1960ರಲ್ಲಿ ಸೆನ್ಸಾರಿನ ಒತ್ತಡದಿಂದ ಕತ್ತರಿಸಿದ್ದ ಒಂದು ದೃಶ್ಯಕ್ಕೆ ದನಿ ಇರಲಿಲ್ಲ. ಟೋನಿ ಕರ್ಟಿಸ್ ತಮ್ಮ ಮಾತನ್ನು ತಾವೇ ಹೇಳಿದರು. 1989ರಲ್ಲಿ ನಿಧನರಾಗಿದ್ದ ಲಾರೆನ್ಸ್ ಒಲಿವಿಯರ್ ಅವರ ಮಾತನ್ನು ಆಂಥೊನಿ ಹಾಪ್‌ಕಿನ್ಸ್ ಹೇಳಿದರು. ಆ ಹೆಸರನ್ನು ಸೂಚಿಸಿದವರು ಒಲಿವಿಯರ್ ಅವರ ಪತ್ನಿ ಜೋನ್ ಪ್ಲೋರೈಟ್. ಮನೆಯವರನ್ನು ಕೇಳಿ, ಮಾಡಿದ್ದನ್ನು ಮುಚ್ಚಿಡದೆ, ಇಲ್ಲವಾದಷ್ಟನ್ನು ಮಾತ್ರ ತುಂಬಿದರು. ‘ಫ್ಯಾಂಟೇಸಿಯಾ’ದ ಟೇಲರ್ ಪ್ರಸಂಗಕ್ಕೂ ಇದಕ್ಕೂ ಇರುವ ಅಂತರ ನಿಮಗೆ ಸ್ಪಷ್ಟವಾಗಿರಬಹುದು.

ಈ ವಿವೇಕವನ್ನು ಚಿತ್ರಕಲೆಯ ಜಗತ್ತು ಮೊದಲೇ ಕಂಡುಕೊಂಡಿತ್ತು. ಎರಡನೆಯ ಮಹಾಯುದ್ಧದ ಬಳಿಕ ಇಟಲಿಯಲ್ಲಿ ಬಾಂಬಿಗೆ ಸಿಕ್ಕಿ ಚೂರಾದ ದೇವಾಲಯಗಳ ಭಿತ್ತಿಚಿತ್ರಗಳನ್ನು ಜೋಡಿಸುವ ಹೊಣೆ, ರೋಮ್ ನಗರದಲ್ಲಿ 1939ರಲ್ಲಿ ಸ್ಥಾಪಿತವಾಗಿದ್ದ ಪುನರುದ್ಧಾರ ಸಂಸ್ಥೆಯ ಮೇಲೆ ಬಿದ್ದಿತು. ಅದರ ಮೊದಲ ನಿರ್ದೇಶಕ ಚೇಸರೆ ಬ್ರಾಂದಿ. ಚಿತ್ರದಲ್ಲಿ ಬಣ್ಣ ಉದುರಿಹೋದ ಜಾಗವನ್ನು ಹೇಗೆ ತುಂಬಬೇಕು? ಖಾಲಿ ಬಿಟ್ಟರೆ ಕಣ್ಣು ಆ ತೂತಿನಲ್ಲೇ ನಿಲ್ಲುತ್ತದೆ. ಮೂಲದಂತೆಯೇ ಬರೆದುಬಿಟ್ಟರೆ ನೋಡುವವನಿಗೆ ಸುಳ್ಳು ಹೇಳಿದಂತೆ. ಅಲ್ಲಿ ರೂಪಿಸಿದ ‘ತ್ರತೆಜ್ಜೊ’ ಎಂಬ ವಿಧಾನದಲ್ಲಿ ಖಾಲಿ ಜಾಗವನ್ನು ತೆಳುವಾದ ಲಂಬ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ನೋಡಿದರೆ ಚಿತ್ರ ಪೂರ್ಣವಾಗಿ ಕಾಣುತ್ತದೆ, ಪ್ರಾರ್ಥಿಸುವವನ ಗಮನ ಕದಡುವುದಿಲ್ಲ. ಹತ್ತಿರ ಹೋದರೆ ಗೆರೆಗಳು ಕಾಣುತ್ತವೆ, ಇಷ್ಟು ಮೂಲ, ಇಷ್ಟು ದುರಸ್ತಿ ಎಂದು ತಿಳಿಯುತ್ತದೆ. ಎಂಥ ವಿನಯ! ತನ್ನ ಕೆಲಸ ಕಾಣದಿರಲೆಂದೂ ಬಯಸದೆ, ಎದ್ದುಕಾಣಲೆಂದೂ ಬಯಸದೆ, ಕೇಳಿದವರಿಗೆ ನಿಜ ತಿಳಿಯಲೆಂದಷ್ಟೇ ಬಯಸುವ ಕುಂಚ.

ಧ್ವನಿಗೆ ಅಂಥ ಗೆರೆಗಳಿಲ್ಲ. ತೊಡಕು ಇರುವುದು ಇಲ್ಲೇ. ಕಪ್ಪು-ಬಿಳುಪಿನ ಚಿತ್ರಕ್ಕೆ ಬಣ್ಣ ತುಂಬಿದರೆ ಮಗುವಿಗೂ ತಿಳಿಯುತ್ತದೆ. ನಮ್ಮ ‘ಸತ್ಯ ಹರಿಶ್ಚಂದ್ರ’ 1965ರ ಕಪ್ಪು-ಬಿಳುಪಿನ ಚಿತ್ರ; 2008ರಲ್ಲಿ ಬಣ್ಣ ತುಂಬಿ ಬಿಡುಗಡೆಯಾಯಿತು. ಮೆಚ್ಚಿದವರು ಮೆಚ್ಚಿದರು, ಒಪ್ಪದವರು ಹಳೆಯದೇ ಚೆಂದವೆಂದರು. ಎರಡೂ ಗುಂಪಿನವರಿಗೆ ತಾವು ನೋಡುತ್ತಿರುವುದೇನೆಂದು ಗೊತ್ತಿತ್ತು. ಹರಿಶ್ಚಂದ್ರನ ಕಥೆಗೆ ಅಷ್ಟಾದರೂ ಸಲ್ಲಬೇಕಲ್ಲ. ಆದರೆ ಬಾಗಿಲ ಸದ್ದು ಬದಲಾದರೆ, ಪಿಟೀಲು ನುಡಿಸಿದವನು ಬದಲಾದರೆ, ಕಿವಿಗೆ ತಿಳಿಯುವುದಿಲ್ಲ. ತಿಳಿಯದವನು ಆಕ್ಷೇಪಿಸಲಾರ. ಆದುದರಿಂದ ಹೇಳುವ ಹೊಣೆ ಪೂರ್ತಿಯಾಗಿ ಬದಲಿಸಿದವರದೇ ಆಗುತ್ತದೆ. ಡಿಸ್ಕಿನ ಆಯ್ಕೆಪಟ್ಟಿಯಲ್ಲಿ ಹಳೆಯ ಧ್ವನಿಪಥಕ್ಕೊಂದು ಸಾಲು, ಏನೇನು ಹೊಸದೆಂದು ಹೇಳುವ ಒಂದು ಪುಟ, ಇವೇ ಧ್ವನಿಯ ಲಂಬ ಗೆರೆಗಳು.

ನಮ್ಮ ದೇಶದ ಒಂದು ಉದಾಹರಣೆ ಹೆಚ್ಚು ಯೋಚನೆಗೆ ಹಚ್ಚುತ್ತದೆ. 1960ರ ‘ಮೊಘಲ್-ಎ-ಆಜಮ್’ 2004ರಲ್ಲಿ ಬಣ್ಣದಲ್ಲಿ ಮರಳಿ ಬಂದಾಗ ಧ್ವನಿಯನ್ನೂ ಹೊಸದಾಗಿಸಲಾಯಿತು. ಸಂಗೀತ ಸಂಯೋಜಿಸಿದ್ದ ನೌಷಾದ್ ಆಗ ಬದುಕಿದ್ದರು. ಉತ್ತಮ್ ಸಿಂಗ್ ಅವರ ನೆರವಿನೊಂದಿಗೆ ಕೆಲಸ ನಡೆಯಿತು. ಗಾಯಕರ ಮೂಲ ಕಂಠಗಳನ್ನು ಉಳಿಸಿಕೊಂಡು, ವಾದ್ಯವೃಂದದ ಭಾಗವನ್ನು ಹೊಸ ವಾದಕರಿಂದ ನುಡಿಸಿದರು. ಸಂಯೋಜಕರೇ ಒಪ್ಪಿದ ಮೇಲೆ ಆಕ್ಷೇಪವೇನು ಎಂದು ನೀವು ಕೇಳಬಹುದು. ಆ ಒಪ್ಪಿಗೆಗೆ ದೊಡ್ಡ ಬೆಲೆಯಿದೆ, ನಿಜ. ಆದರೆ 1960ಕ್ಕೆ ಮೊದಲು ಸ್ಟುಡಿಯೋದಲ್ಲಿ ಕುಳಿತು ಸಾರಂಗಿ, ಸಿತಾರ್, ಪಿಟೀಲು, ತಬಲಾ ನುಡಿಸಿದ ಆ ಹತ್ತಾರು ಜನ? ಅವರಲ್ಲಿ ಹೆಚ್ಚಿನವರ ಹೆಸರು ಪರದೆಯ ಮೇಲೆಂದೂ ಬರಲಿಲ್ಲ. ಅವರು ಭೂಮಿಯ ಮೇಲಿದ್ದರೆಂಬುದಕ್ಕೆ ಆ ನಾದವೇ ಸಾಕ್ಷಿ. ಗಾಯಕಿಯ ಕಂಠಕ್ಕೆ ಸಿಕ್ಕ ಮರ್ಯಾದೆ ಅವರ ಬೆರಳುಗಳಿಗೆ ಸಿಗಲಿಲ್ಲ. ದೊಡ್ಡವರ ದನಿ ಬದಲಾಯಿಸಲಾಗದ್ದು, ಸಣ್ಣವರ ದನಿ ಬದಲಾಯಿಸಬಹುದಾದದ್ದು ಎಂಬ ಲೆಕ್ಕಾಚಾರ ಇದರಲ್ಲಿ ತಾನಾಗಿ ನುಸುಳಿಬಿಡುತ್ತದೆ. ಗಾನವೃಂದದ ಹಿಂದಿನ ಸಾಲಿನಲ್ಲಿ ಕುಳಿತು ವರ್ಷಗಟ್ಟಲೆ ಹಾರ್ಮೋನಿಯಂ ನುಡಿಸಿದವರನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಝಂಕಾರ್ ಬೀಟ್ಸ್’ ಎಂಬ ಹೆಸರಿನಲ್ಲಿ ಹಳೆಯ ಹಿಂದಿ ಹಾಡುಗಳ ಮೇಲೆ ಡೋಲು ಬಡಿದು ಮಾರಿದ ಕ್ಯಾಸೆಟ್ಟುಗಳು ನಿಮಗೆ ನೆನಪಿರಬಹುದು. ಅವುಗಳ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಹೆಸರಲ್ಲೇ ಮಾಡಿದ್ದನ್ನು ಹೇಳಿಕೊಂಡವೆಂಬ ಒಂದು ಗುಣವಂತೂ ಅವಕ್ಕಿತ್ತು.

ಹಳೆಯ ಧ್ವನಿಯ ಪರವಾಗಿ ಮಾತಾಡುವವರಲ್ಲೂ ಒಂದು ಭ್ರಮೆಯುಂಟು: ಏನನ್ನೂ ಮುಟ್ಟದೆ ಕೇಳಿಸಿದರೆ ಅದೇ ಶುದ್ಧ ಮೂಲ ಎಂಬುದು. 1930ರ ದಶಕದ ಕೊನೆಯಿಂದ ಅಮೆರಿಕದ ಚಿತ್ರಮಂದಿರಗಳ ಧ್ವನಿಯಂತ್ರಗಳನ್ನು, ಮೇಲಿನ ಸ್ವರಗಳು ತಗ್ಗುವಂತೆ ಒಂದೇ ಅಳತೆಗೆ ಹೊಂದಿಸಿರುತ್ತಿದ್ದರು. ಫಿಲ್ಮಿನ ಗೊರಗೊರ ಸದ್ದು 그ಹಾಗೆ ಅಡಗುತ್ತಿತ್ತು. ಇದನ್ನು ತಿಳಿದೇ ಧ್ವನಿತಜ್ಞರು ಮಾತುಗಳನ್ನು ಸ್ವಲ್ಪ ಚುರುಕಾಗಿ ಮುದ್ರಿಸುತ್ತಿದ್ದರು. ಆ ಪಟ್ಟಿಯನ್ನು ಇಂದಿನ ಸ್ಪೀಕರಿನಲ್ಲಿ ಹಾಗೆಯೇ ನುಡಿಸಿದರೆ ಅಂದಿನ ಪ್ರೇಕ್ಷಕ ಎಂದೂ ಕೇಳದಿದ್ದ ಕರ್ಕಶತೆ ಕೇಳಿಸುತ್ತದೆ. ಇನ್ನೊಂದೆಡೆ, ಗೊರಗೊರವನ್ನು ಪೂರ್ತಿ ತೆಗೆಯಲು ಹೊರಟರೆ ಅದರೊಂದಿಗೆ ನಟನ ಉಸಿರು, ‘ಸ’ಕಾರ ‘ಶ’ಕಾರಗಳ ಅಂಚು, ಕೋಣೆಯ ಗಾಳಿ ಎಲ್ಲವೂ ಹೋಗುತ್ತವೆ. ಆದ್ದರಿಂದ ನಿಷ್ಠೆಗೂ ತಿಳಿವಳಿಕೆ ಬೇಕು, ಕೈಕಟ್ಟಿ ಕುಳಿತರೆ ಸಾಲದು.

ಮೂಲ ಎಂದರೆ ಸ್ವಂತ ಕಂಠವೆಂದು ತಿಳಿಯುವುದೂ ಸರಿಯಲ್ಲ. ಪಸೋಲಿನಿ 1964ರಲ್ಲಿ ಸಂತ ಮತ್ತಾಯರ ಶುಭಸಂದೇಶವನ್ನು ಆಧರಿಸಿ ಮಾಡಿದ ಪ್ರಸಿದ್ಧ ಚಿತ್ರದಲ್ಲಿ ಯೇಸುವಿನ ಪಾತ್ರ ವಹಿಸಿದವನು ಎನ್ರಿಕೆ ಇರಾಸೊಕಿ ಎಂಬ ಸ್ಪೇನಿನ ವಿದ್ಯಾರ್ಥಿ; ದನಿ ಎನ್ರಿಕೊ ಮರಿಯ ಸಲೆರ್ನೊ ಎಂಬ ಇಟಲಿಯ ನಟನದು. ನಿರ್ದೇಶಕನೇ ಒಪ್ಪಿ ಕೂಡಿಸಿದ ಮುಖ ಮತ್ತು ದನಿ ಅವು. ಅಲ್ಲಿ ಸಲೆರ್ನೊ ಅವರ ದನಿಯೇ ಮೂಲ. ನಮ್ಮಲ್ಲಿ ರಾಜ್‌ಕುಮಾರ್ ಅವರ ಮುಖಕ್ಕೆ ಎಷ್ಟೋ ವರ್ಷ ಪಿ.ಬಿ. ಶ್ರೀನಿವಾಸ್ ಹಾಡಿದರು, ಇಬ್ಬರ ಹೆಸರೂ ಜನರಿಗೆ ಗೊತ್ತಿತ್ತು, ಇಬ್ಬರನ್ನೂ ಜನ ಪ್ರೀತಿಸಿದರು. ಅದೇ 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರಿ ಹೆಪ್‌ಬರ್ನ್ ಅವರ ಬಹುಪಾಲು ಹಾಡುಗಳನ್ನು ಹಾಡಿದವರು ಮಾರ್ನಿ ನಿಕ್ಸನ್, ಚಿತ್ರದ ಹೆಸರುಪಟ್ಟಿಯಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಹೆಪ್‌ಬರ್ನ್ ತಾವೇ ಹಾಡಿ ಮುದ್ರಿಸಿದ್ದ ಎರಡು ಹಾಡುಗಳು ಮುಂದೆ ಡಿವಿಡಿಯಲ್ಲಿ ದೊರೆತವು. ಅವನ್ನು ಚಿತ್ರದೊಳಗೆ ತೂರಿಸದೆ, ಹೆಚ್ಚಿನ ಭಾಗವಾಗಿ ಬೇರೆಯೇ ಇಟ್ಟರು. ಇಬ್ಬರು ಹೆಣ್ಣುಮಕ್ಕಳ ಶ್ರಮಕ್ಕೂ ಹೀಗೆ ತಡವಾಗಿಯಾದರೂ ಸ್ಥಾನ ಸಿಕ್ಕಿತು.

ಯಂತ್ರಗಳು ಈಗ ಇನ್ನೂ ಮುಂದೆ ಹೋಗಿವೆ. ಒಂದೇ ಪಟ್ಟಿಯಲ್ಲಿ ಬೆರೆತ ಮಾತು, ಸಂಗೀತಗಳನ್ನು ಕಂಪ್ಯೂಟರು ಬೇರ್ಪಡಿಸಬಲ್ಲದು. ತೀರಿಕೊಂಡವರ ದನಿಯಲ್ಲಿ ಅವರು ಆಡದ ಮಾತನ್ನೂ ಆಡಿಸಬಲ್ಲದು. 2018ರಲ್ಲಿ ನಿಧನರಾದ ಬಾಣಸಿಗ, ಬರಹಗಾರ ಆಂಥೊನಿ ಬೋರ್ಡೇನ್ ಕುರಿತ ಸಾಕ್ಷ್ಯಚಿತ್ರವೊಂದು 2021ರಲ್ಲಿ ಬಂದಿತು. ಅವರು ಬರೆದಿದ್ದ, ಆದರೆ ಬಾಯಿಬಿಟ್ಟು ಹೇಳಿರದ ಕೆಲವು ವಾಕ್ಯಗಳನ್ನು ಅವರದೇ ದನಿಯಂತೆ ಕಂಪ್ಯೂಟರಿನಿಂದ ಹೇಳಿಸಲಾಗಿತ್ತು. ಪ್ರೇಕ್ಷಕರಿಗೆ ಇದು ತಿಳಿದದ್ದು ನಿರ್ದೇಶಕರು ಸಂದರ್ಶನದಲ್ಲಿ ಹೇಳಿದ ಮೇಲೆ. ಕೋಲಾಹಲವೆದ್ದಿತು. ಮಾತು ಅವರದೇ ತಾನೇ ಎಂಬ ಸಮರ್ಥನೆ ನನ್ನ ಮನಸ್ಸಿಗೆ ಹಿಡಿಸುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಹೇಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವ ಹಕ್ಕು ಬರೆದವನದು. ಸಾವು ಆ ಹಕ್ಕನ್ನು ನಮ್ಮ ಕೈಗೆ ಒಪ್ಪಿಸುವುದಿಲ್ಲ.

ಮೂಲ ಧ್ವನಿಯೇ ಎಂದೂ ಇರದಿದ್ದ ಒಂದು ಚಿತ್ರವನ್ನು ಹೆಸರಿಸಬೇಕು. ಡೆನ್ಮಾರ್ಕಿನ ಕಾರ್ಲ್ ಡ್ರೈಯರ್ 1928ರಲ್ಲಿ ಸಂತ ಜೋನ್ ಆಫ್ ಆರ್ಕ್‌ಳ ವಿಚಾರಣೆಯನ್ನು ಮೂಕಿ ಚಿತ್ರವಾಗಿ ಮಾಡಿದರು. ಅದೇ ವರ್ಷದ ಕೊನೆಯಲ್ಲಿ ಬರ್ಲಿನ್ನಿನ ಬೆಂಕಿಯಲ್ಲಿ ಮೂಲ ನೆಗೆಟಿವ್ ಸುಟ್ಟುಹೋಯಿತು. 1950ರ ದಶಕದಲ್ಲಿ ಬೇರೊಬ್ಬರು ಹಳೆಯ ಸಂಗೀತವನ್ನೆಲ್ಲ ಜೋಡಿಸಿ ಒಂದು ಆವೃತ್ತಿ ತಂದರು, ಡ್ರೈಯರ್ ಅದನ್ನು ಮೆಚ್ಚಲಿಲ್ಲ. ಅವರು 1968ರಲ್ಲಿ ತೀರಿಕೊಂಡರು. ಇಂಥದೇ ಸಂಗೀತ ಇರಲೆಂದು ಯಾವುದನ್ನೂ ಖಚಿತಪಡಿಸಿ ಹೋಗಲಿಲ್ಲ. 1981ರಲ್ಲಿ ನಾರ್ವೆಯ ಓಸ್ಲೊ ಬಳಿಯ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ ಮೊದಲ ಆವೃತ್ತಿಯ ಪ್ರತಿಯೊಂದು ಸಿಕ್ಕಿತು. 1999ರಲ್ಲಿ ಅಮೆರಿಕದಲ್ಲಿ ಅದರ ಡಿವಿಡಿ ಬಂದಾಗ ಎರಡು ಆಯ್ಕೆಗಳನ್ನು ಕೊಟ್ಟರು. ಒಂದು, ರಿಚರ್ಡ್ ಐನ್‌ಹಾರ್ನ್ ಈ ಚಿತ್ರದಿಂದ ಪ್ರೇರಿತರಾಗಿ 1994ರಲ್ಲಿ ರಚಿಸಿದ ಸಂಗೀತ. ಅದರಲ್ಲಿ ಜೋನ್ ಹುಟ್ಟಿದ ಡೊಂರೆಮಿ ಊರಿನ ದೇವಾಲಯದ ಗಂಟೆಯ ನಾದವೂ ಸೇರಿದೆ. ಇನ್ನೊಂದು, ಬರಿಯ ಮೌನ. ಸಾಧ್ಯವಾದರೆ ಮೊದಲು ಮೌನದಲ್ಲಿ ನೋಡಿ. ದನಿಗಳನ್ನು ಕೇಳಿದೆನೆಂದು ಹೇಳಿ ಸುಡಿಸಿಕೊಂಡ ಹುಡುಗಿ ನ್ಯಾಯಾಧೀಶರಿಗೆ ಉತ್ತರ ಕೊಡುತ್ತಾಳೆ, ತುಟಿಗಳು ಅಲುಗುತ್ತವೆ, ಏನೂ ಕೇಳಿಸುವುದಿಲ್ಲ. ಹತ್ತು ನಿಮಿಷದಲ್ಲಿ ಮಕ್ಕಳಿಗೆ ಬೇಸರವಾದರೆ ಸಂಗೀತದ ಗುಂಡಿ ಒತ್ತಿ. ಡೊಂರೆಮಿಯ ಗಂಟೆ ಅಲ್ಲಿ ಕಾಯುತ್ತಿರುತ್ತದೆ.